ಬೆಟಗೇರಿಯ ಸೀರೆ ಚಿತ್ರಗಳಿಗೆ ಬಣ್ಣದ ಪ್ರೊಫೈಲ್ ಕೂಡಿಸಿದ ಕೆಲಸದ ದಾಖಲೆ

ಬೆಟಗೇರಿಯಲ್ಲಿ ಕೈಮಗ್ಗದ ಸೀರೆಗಳನ್ನು ನೇಯಿಸಿ ಮಾರುವ ಒಂದು ಮನೆತನದ ಅಂಗಡಿಯ ಚಿತ್ರಗಳನ್ನು ಸರಿಪಡಿಸುವ ಈ ಕೆಲಸ ಶುರುವಾದದ್ದು ಅಂಚೆಯಲ್ಲಿ ಮರಳಿ ಬಂದ ಒಂದು ಸೀರೆಯಿಂದ. ಕೊಂಡವರು ಪುಣೆಯವರು. ಮೊಬೈಲಿನಲ್ಲಿ ನೋಡಿ ಮಂಕು ಹಸಿರಿನ ಅಂಚು ಮೆಚ್ಚಿ ತರಿಸಿಕೊಂಡಿದ್ದರು, ಕಟ್ಟು ಬಿಚ್ಚಿದರೆ ಅಂಚು ಎಳೆ ಬಿಸಿಲಿನಲ್ಲಿ ಹೊಳೆಯುವ ಗಿಳಿಹಸಿರಾಗಿತ್ತು. ಅಂಗಡಿಯ ಯಜಮಾನರು ಫೋನನ್ನು ಸೀರೆಯ ಅಂಚಿಗೆ ತಾಗಿಸಿ ಹಿಡಿದು, "ತಮ್ಮಾ, ನೀನ ನೋಡು, ಫೋಟೋದಾಗ ಬಣ್ಣ ಸತ್ತಂಗ ಐತಿ. ಇದು ನಮ್ಮ ಸೀರಿ ಅಂತ ಯಾರರ ಅಂದಾರೇನು?" ಎಂದು ಕೇಳಿದರು. ಬಣ್ಣ ಹಾಕಿದವರು, ನೂಲು ಸುತ್ತಿದವರು, ಕುಣಿಮಗ್ಗದಲ್ಲಿ ಕೂತು ನೇಯ್ದವರು ಎಲ್ಲರೂ ತಮ್ಮ ಕೆಲಸವನ್ನು ನೆಟ್ಟಗೆ ಮಾಡಿದ್ದರು. ಕೊನೆಯ ಹೆಜ್ಜೆಯಾದ ಚಿತ್ರದಲ್ಲಿ ಅವರೆಲ್ಲರ ದುಡಿಮೆ ಮಸುಕಾಗಿತ್ತು. ಆ ಮಾತು ನನಗೆ ನಾಟಿತು.

ಅದೇ ಸೀರೆಯ ಮೂಲ ಕಡತವನ್ನು ನನ್ನ ಗಣಕದ ಎಡಿಟರಿನಲ್ಲಿ ತೆರೆದಾಗ ಹಸಿರು ಸರಿಯಾಗಿಯೇ ಕಂಡಿತು. ಅದೇ ಕಡತವನ್ನು ಬ್ರೌಸರಿನಲ್ಲಿ ತೆರೆದರೆ ಮಂಕಾಯಿತು. ಕಡತ ಒಂದೇ, ಪರದೆ ಒಂದೇ, ಬೆಳಕು ಒಂದೇ ಆಗಿದ್ದು ಬಣ್ಣ ಮಾತ್ರ ಎರಡಾದರೆ, ದೋಷವು ಪರದೆಯಲ್ಲಾಗಲಿ ಕ್ಯಾಮೆರಾದ ಮಸೂರದಲ್ಲಾಗಲಿ ಇರಲಾರದು. ಕಡತದ ಅಂಕಿಗಳನ್ನು ಓದುವ ಬಗೆಯಲ್ಲಿ ಇರಬೇಕು.

ಡಿಜಿಟಲ್ ಚಿತ್ರದ ಪ್ರತಿ ಚುಕ್ಕೆಯಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿರುತ್ತವೆ. ಅವು ಸಾಮಾನ್ಯವಾಗಿ 0ಯಿಂದ 255ರ ವರೆಗೆ ಇರುತ್ತವೆ. ಆದರೆ ಈ ಅಂಕಿಗಳು ತಾವಾಗಿಯೇ ಬಣ್ಣವಲ್ಲ. ಯಜಮಾನರಿಗೆ ಇದನ್ನು ತಿಳಿಸಿ ಹೇಳುವಾಗ ಅವರದೇ ಅಳತೆಯ ಮಾತನ್ನು ಬಳಸಿದೆ. ಚೀಟಿಯಲ್ಲಿ ಬರೀ 12 ಎಂದು ಬರೆದು ಕಳಿಸಿದರೆ ನೇಕಾರನು ಎಷ್ಟು ಬಟ್ಟೆ ಕೊಯ್ಯಬೇಕು? 12 ಮೊಳವೋ, 12 ವಾರವೋ ಎಂಬುದು ಚೀಟಿಯಲ್ಲಿ ಇರಲೇಬೇಕು, ಏಕೆಂದರೆ ಎರಡು ಮೊಳಕ್ಕೆ ಒಂದು ವಾರ. ಚಿತ್ರದಲ್ಲಿ ಈ ಮೊಳ, ವಾರ ಎಂಬ ಮಾತನ್ನು ಹೇಳುವುದು ಐಸಿಸಿ ಪ್ರೊಫೈಲ್ ಎಂಬ ಚಿಕ್ಕ ದತ್ತಾಂಶದ ತುಂಡು. ಚೀಟಿಯಲ್ಲಿ ಅಳತೆಯ ಹೆಸರು ಬರೆಯುವುದನ್ನು 'ಅಸೈನ್' ಎನ್ನುತ್ತಾರೆ. ಅದರಿಂದ ಅಂಕಿ ಬದಲಾಗುವುದಿಲ್ಲ, ಅರ್ಥ ಬದಲಾಗುತ್ತದೆ. 12 ಮೊಳವನ್ನು ಲೆಕ್ಕ ಹಾಕಿ 6 ವಾರ ಎಂದು ಬರೆಯುವುದು 'ಕನ್ವರ್ಟ್'. ಅದರಿಂದ ಅಂಕಿ ಬದಲಾಗುತ್ತದೆ, ಬಟ್ಟೆ ಅಷ್ಟೇ ಉಳಿಯುತ್ತದೆ. ಯಜಮಾನರು ಕೂಡಲೇ, "ಅಂದರ ಮೊಳ ಅಳಿಸಿ ವಾರ ಅಂತ ಬರದರ ಅರಿವಿ ಇಮ್ಮಡಿ ಆಗತೈತಿ" ಎಂದರು. ಅದು ಇಡೀ ಕೆಲಸದ ತಿರುಳೇ ಆಗಿತ್ತು.

ಈ ಅಳತೆಗಳನ್ನು ಎಲ್ಲರೂ ಒಂದೇ ರೀತಿಯಲ್ಲಿ ಬರೆಯಲಿ ಎಂದು 1993ರಲ್ಲಿ ಎಂಟು ಕಂಪನಿಗಳು ಸೇರಿ ಅಂತರರಾಷ್ಟ್ರೀಯ ಬಣ್ಣ ಒಕ್ಕೂಟವನ್ನು ಕಟ್ಟಿದವು. ಐಸಿಸಿ ಎಂಬುದು ಅದರ ಹೆಸರಿನ ಮೊದಲಕ್ಷರಗಳು. ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆ 1999ರಲ್ಲಿ ಐಇಸಿ ಎಂಬ ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗದ ಮಾನಕವಾಯಿತು. ಹೆಸರು ಬರೆಯದ ಚೀಟಿಯನ್ನು ಇಂದಿನ ಬ್ರೌಸರುಗಳು ಎಸ್‌ಆರ್‌ಜಿಬಿ ಎಂದೇ ಓದುತ್ತವೆ. 1998ರ ಅಡೋಬಿ ಆರ್‌ಜಿಬಿ ಅದಕ್ಕಿಂತ ಅಗಲವಾದ ಅಳತೆ. ಬಣ್ಣಗಳ ನಕ್ಷೆಯಲ್ಲಿ ಒಂದು ಅಳತೆಯ ತುಂಬು ಕೆಂಪು, ಹಸಿರು, ನೀಲಿ ನಿಲ್ಲುವ ಜಾಗಗಳೇ ಅದರ ಮೂಲಬಿಂದುಗಳು. ಎರಡರಲ್ಲಿಯೂ ಕೆಂಪು ಮತ್ತು ನೀಲಿಯ ಮೂಲಬಿಂದುಗಳು ಒಂದೇ, ಬಿಳಿಯೂ ಒಂದೇ; ಹಸಿರಿನ ಮೂಲಬಿಂದು ಮಾತ್ರ ಎಸ್‌ಆರ್‌ಜಿಬಿಯಲ್ಲಿ 0.30, 0.60 ಇದ್ದರೆ ಅಡೋಬಿಯಲ್ಲಿ 0.21, 0.71ಕ್ಕೆ ದೂರ ಸರಿದಿದೆ. ಆದ್ದರಿಂದ ಎಸ್‌ಆರ್‌ಜಿಬಿಯ ತುಂಬು ಹಸಿರಾದ 0, 255, 0 ಅನ್ನು ಅಡೋಬಿಯಲ್ಲಿ 144, 255, 60 ಎಂದು ಬರೆಯಬೇಕಾಗುತ್ತದೆ. ಆ ಮೂರು ಅಂಕಿಗಳನ್ನು ಹೆಸರಿಲ್ಲದೆ ಬ್ರೌಸರಿಗೆ ಕೊಟ್ಟರೆ ಅದು ಕೆಂಪು, ನೀಲಿ ಬೆರೆತ ಪೇಲವ ಹಸಿರನ್ನು ತೋರಿಸುತ್ತದೆ. ಮೂಲಬಿಂದು ಒಂದೇ ಆಗಿದ್ದರೂ ಕೆಂಪಿಗೂ ಇದರಿಂದ ಬಿಡುಗಡೆಯಿಲ್ಲ: ಎಸ್‌ಆರ್‌ಜಿಬಿಯ 255, 0, 0 ಎಂಬ ಕೆಂಪು ಅಡೋಬಿಯಲ್ಲಿ 219, 0, 0 ಆಗುತ್ತದೆ, ಹೆಸರು ಕಳೆದುಕೊಂಡಾಗ ಕುಂಕುಮಗೆಂಪು ಒಂದು ಮಜಲು ಕಪ್ಪಿಟ್ಟಂತೆ ಕಾಣುತ್ತದೆ. ಅಂಗಡಿಯ ಚಿತ್ರಗಳಲ್ಲಿ ಹಸಿರು ಹೆಚ್ಚು, ಕೆಂಪು ಕಡಿಮೆ, ನೀಲಿ ತೀರ ಕಡಿಮೆ ಕೆಟ್ಟಿದ್ದವು. ಲೆಕ್ಕವೂ ಕಣ್ಣೂ ಒಂದೇ ಮಾತು ಹೇಳಿದಾಗ ದೋಷದ ಜಾಡು ಸಿಕ್ಕಿತೆಂದು ನನಗೆ ಖಾತ್ರಿಯಾಯಿತು.

ಮೊದಲ ದಿನ ಯಾವ ಕಡತವನ್ನೂ ಮುಟ್ಟದೆ ಕೇವಲ ಗಣತಿ ಮಾಡಿದೆ. ಇಡೀ ಸಂಗ್ರಹವನ್ನು ಎರಡು ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿ, ಒಂದನ್ನು ಅಂಗಡಿಯ ತಿಜೋರಿಯಲ್ಲಿ ಇರಿಸಿದೆವು. ಆಮೇಲೆ ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನದಿಂದ ಪ್ರತಿ ಕಡತದ ಹೆಸರು, ಒಳಗಿರುವ ಪ್ರೊಫೈಲಿನ ಹೆಸರು, ಕ್ಯಾಮೆರಾ ಬರೆದ ಬಣ್ಣದ ಟಿಪ್ಪಣಿ ಇವಿಷ್ಟನ್ನು ಹೊರತೆಗೆದು ಒಂದು ಕೋಷ್ಟಕದಲ್ಲಿ ಹಾಕಿದೆ. ಒಟ್ಟು 1,326 ಕಡತಗಳು. 611ರಲ್ಲಿ ಎಸ್‌ಆರ್‌ಜಿಬಿ ಪ್ರೊಫೈಲ್ ಇತ್ತು; ಇವುಗಳಲ್ಲಿ ಹತ್ತಕ್ಕೆ ಒಂದರಂತೆ ತೆರೆದು ನೋಡಿದೆ, ಸರಿಯಾಗಿದ್ದವು. 402ರಲ್ಲಿ ಪ್ರೊಫೈಲ್ ಇರಲಿಲ್ಲ, ಆದರೆ ಕ್ಯಾಮೆರಾದ ಟಿಪ್ಪಣಿಗಳು ಉಳಿದಿದ್ದವು. 39ರಲ್ಲಿ ಯಾವುದೋ ಮಾನಿಟರಿನ ಪ್ರೊಫೈಲ್ ಇತ್ತು. 7 ಕಡತಗಳು ಮುದ್ರಣದ ಸಿಎಂವೈಕೆ ಬಣ್ಣಗಳಲ್ಲಿದ್ದವು. ಉಳಿದ 267 ಕಡತಗಳಲ್ಲಿ ಪ್ರೊಫೈಲೂ ಇಲ್ಲ, ಟಿಪ್ಪಣಿಯೂ ಇಲ್ಲ, ಬರೀ ಅಂಕಿಗಳು.

402ರ ಗುಂಪು ಸುಲಭವಾಗಿತ್ತು. ಕ್ಯಾಮೆರಾವನ್ನು ಅಡೋಬಿ ಆರ್‌ಜಿಬಿಗೆ ಇಟ್ಟು ತೆಗೆದ ಕಡತಗಳ ಹೆಸರು ಅಡಿಗೆರೆಯಿಂದ ಶುರುವಾಗುತ್ತದೆ. ಎಕ್ಸಿಫ್ ಎಂಬ ಕ್ಯಾಮೆರಾ ಟಿಪ್ಪಣಿಯ ಬಣ್ಣದ ಜಾಗದಲ್ಲಿ ಎಸ್‌ಆರ್‌ಜಿಬಿಯನ್ನು ಸೂಚಿಸುವ 1ರ ಬದಲು 65535 ಇರುತ್ತದೆ. ಹೊಂದಾಣಿಕೆಯ ಸೂಚಿಯಲ್ಲಿ ಆರ್03 ಎಂದಿರುತ್ತದೆ. ಈ ಮೂರೂ ಕುರುಹುಗಳು 402 ಕಡತಗಳಲ್ಲಿ ಒಟ್ಟಿಗೆ ಸಿಕ್ಕವು. ನನ್ನ ಎಡಿಟರ್ ಈ ಟಿಪ್ಪಣಿಯನ್ನು ಓದಿ ತಾನೇ ಸರಿಪಡಿಸಿಕೊಂಡಿತ್ತು, ಬ್ರೌಸರ್ ಅದನ್ನು ಗಮನಿಸಿರಲಿಲ್ಲ. ಟಿಪ್ಪಣಿಯನ್ನು ಎಲ್ಲ ಸಾಫ್ಟ್‌ವೇರುಗಳೂ ನೋಡುವುದಿಲ್ಲವಾದ್ದರಿಂದ, ಪ್ರೊಫೈಲನ್ನೇ ಕಡತದೊಳಗೆ ಕೂಡಿಸುವುದು ಖಚಿತವಾದ ದಾರಿ.

ಎರಡನೆಯ ದಿನ ನಾನು ಒಂದು ತಪ್ಪು ಮಾಡಿದೆ. ಅದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಜಾರುವುದು ಅಲ್ಲಿಯೇ. ವೆಬ್‌ಸೈಟಿಗೆ ಎಸ್‌ಆರ್‌ಜಿಬಿ ಬೇಕೆಂದು, ಹೆಸರಿಲ್ಲದ 12 ಕಡತಗಳನ್ನು ಬೇರೊಂದು ಸಾಫ್ಟ್‌ವೇರಿನಲ್ಲಿ ತೆರೆದು ನೇರವಾಗಿ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿದೆ. ಆ ಸಾಫ್ಟ್‌ವೇರ್ ಹೆಸರಿಲ್ಲದ ಕಡತವನ್ನು ಎಸ್‌ಆರ್‌ಜಿಬಿ ಎಂದೇ ಭಾವಿಸಿತು. ಎಸ್‌ಆರ್‌ಜಿಬಿಯಿಂದ ಎಸ್‌ಆರ್‌ಜಿಬಿಗೆ ಲೆಕ್ಕ ಹಾಕಿದ್ದರಿಂದ ಒಂದು ಅಂಕಿಯೂ ಕದಲಲಿಲ್ಲ. ಕೊನೆಗೆ ಎಸ್‌ಆರ್‌ಜಿಬಿ ಎಂಬ ಪ್ರೊಫೈಲನ್ನು ಮಾತ್ರ ಕೂಡಿಸಿ ಉಳಿಸಿತು. ಹೀಗೆ ಮಂಕು ಬಣ್ಣಕ್ಕೆ ಅಧಿಕೃತ ಮುದ್ರೆ ಬಿದ್ದಂತಾಯಿತು. ಹೆಸರಿಲ್ಲದ ಕಡತ ಕನಿಷ್ಠ ಸಂಶಯವನ್ನಾದರೂ ಹುಟ್ಟಿಸುತ್ತದೆ, ಸುಳ್ಳು ಹೆಸರು ಹೊತ್ತ ಕಡತ ಗಣತಿಯಲ್ಲಿ ಸರಿಯಾದವುಗಳ ಸಾಲಿಗೆ ಸೇರಿಬಿಡುತ್ತದೆ. ಆ 12ನ್ನೂ ಅಳಿಸಿ, ತಿಜೋರಿಯ ನಕಲಿನಿಂದ ಮತ್ತೆ ತಂದುಕೊಂಡೆ. ಮೊದಲು ನಿಜವಾದ ಅಳತೆಯನ್ನು ಅಸೈನ್ ಮಾಡಬೇಕು, ಆಮೇಲೆಯೇ ಕನ್ವರ್ಟ್ ಮಾಡಬೇಕು. ಈ ಕ್ರಮ ತಿರುವುಮುರುವಾಗಕೂಡದು.

ಹೊಸದಾಗಿ ಶುರು ಮಾಡುವಾಗ ಒಂದೇ ಕಡತವನ್ನು ಹಿಡಿದೆ. ಎಕ್ಸಿಫ್‌ಟೂಲಿಗೆ ಅಡೋಬಿ ಆರ್‌ಜಿಬಿ ಪ್ರೊಫೈಲಿನ ಕಡತವನ್ನು ಕೊಟ್ಟು, ಅದರ ಒಳಗನ್ನು ಇದ್ದದ್ದು ಇದ್ದ ಹಾಗೆಯೇ ಚಿತ್ರದ ಐಸಿಸಿ ಜಾಗದಲ್ಲಿ ಬರೆಯಲು ಹೇಳಿದೆ. ಈ ಸಾಧನವು ಚಿತ್ರವನ್ನು ಬಿಚ್ಚಿ ಮತ್ತೆ ಕುಗ್ಗಿಸುವುದಿಲ್ಲ, ಕಡತದ ತಲೆಭಾಗದಲ್ಲಿ ಮಾತ್ರ ಕೂಡಿಸುತ್ತದೆ; ಮೂಲ ಕಡತವನ್ನೂ ಪಕ್ಕದಲ್ಲಿಯೇ ಉಳಿಸಿಕೊಳ್ಳುತ್ತದೆ. ಆಗ ಕಡತದ ಗಾತ್ರ ಸರಿಯಾಗಿ 578 ಬೈಟ್ ಹೆಚ್ಚಿತು. ಈ ಲೆಕ್ಕವನ್ನು ಬಿಡಿಸಿ ನೋಡಿದೆ. ಪ್ರೊಫೈಲ್ 560 ಬೈಟ್. ಜೆಪೆಗ್ ಕಡತದಲ್ಲಿ ಪ್ರೊಫೈಲ್ ಕೂರುವುದು ಎಪಿಪಿ2 ಎಂಬ ಖಂಡದಲ್ಲಿ, ಅದರ ಗುರುತಿಗೆ 2 ಬೈಟ್, ಉದ್ದ ಹೇಳಲು 2, ಐಸಿಸಿ ಪ್ರೊಫೈಲ್ ಎಂಬ ಹೆಸರಿಗೆ 12, ಇದು ಎಷ್ಟನೆಯ ತುಂಡು ಮತ್ತು ಒಟ್ಟು ತುಂಡುಗಳೆಷ್ಟು ಎಂದು ಹೇಳಲು ಇನ್ನು 2, ಕೂಡಿದರೆ 18. ಪ್ರೊಫೈಲಿನ ತಲೆಬರಹ 128 ಬೈಟ್ ಉದ್ದವಿದ್ದು, 36ನೆಯ ಬೈಟಿನಿಂದ ಎ, ಸಿ, ಎಸ್, ಪಿ ಎಂಬ ನಾಲ್ಕು ಅಕ್ಷರಗಳ ಸಹಿ ಇರಬೇಕು. ಕಡತದ ಬೈಟುಗಳನ್ನು ಒಂದೊಂದಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಅದೂ ಕಂಡಿತು. ಕೊನೆಗೆ ಮೊದಲಿನ ಮತ್ತು ನಂತರದ ಕಡತಗಳ ಪಿಕ್ಸೆಲ್‌ಗಳನ್ನು ಬಿಚ್ಚಿ ಹೋಲಿಸಿದೆ, ಒಂದೂ ಬದಲಾಗಿರಲಿಲ್ಲ. ಬ್ರೌಸರಿನಲ್ಲಿ ತೆರೆದಾಗ ಗಿಳಿಹಸಿರು ಗಿಳಿಹಸಿರಾಗಿಯೇ ಕಂಡಿತು. ಅಂಕಿಗಳನ್ನು ಮುಟ್ಟದೆ ಬಣ್ಣ ಮರಳಿ ಬಂದ ಆ ಗಳಿಗೆಯ ಸಂತೋಷ ಇನ್ನೂ ನೆನಪಿದೆ. ಉಳಿದ 401 ಕಡತಗಳಿಗೆ ಅದೇ ಆಜ್ಞೆಯನ್ನು ಒಟ್ಟಾಗಿ ಕೊಟ್ಟೆ. ಕೆಲವೇ ನಿಮಿಷಗಳಲ್ಲಿ ಮುಗಿಯಿತು.

ಮಾನಿಟರಿನ ಪ್ರೊಫೈಲ್ ಹೊತ್ತ 39 ಕಡತಗಳನ್ನು ಕಂಡಾಗ ಅದನ್ನು ಕಿತ್ತುಹಾಕುವುದೇ ಸರಿಯೆಂದು ಮೊದಲು ತೋರಿತು. ಚಿತ್ರಕ್ಕೆ ಮಾನಿಟರಿನ ಪ್ರೊಫೈಲ್ ಕೂಡಿಸುವುದು ಒಳ್ಳೆಯ ರೂಢಿಯಲ್ಲ. ಆದರೆ ಹಿಂದೆ ಈ ಚಿತ್ರಗಳನ್ನು ತಿದ್ದಿದವರು ತಮ್ಮ ಮಾನಿಟರಿನ ಪ್ರೊಫೈಲನ್ನೇ ಕೆಲಸದ ಅಳತೆಯಾಗಿ ಇಟ್ಟುಕೊಂಡಿದ್ದರೆ, ಅಂಕಿಗಳು ಆ ಅಳತೆಯಲ್ಲಿಯೇ ಬರೆದಂಥವು. ವಿಚಿತ್ರವಾದರೂ ಅದು ನಿಜವಾದ ಹೆಸರು. ಸೀರೆಗಳ ಎದುರು ಇಟ್ಟು ನೋಡಿದಾಗ ಪ್ರೊಫೈಲ್ ಇರುವಂತೆಯೇ ಬಣ್ಣಗಳು ಹೊಂದಿದವು. ಹಾಗಾಗಿ ಅದನ್ನು ಕೀಳದೆ, ಅದರಿಂದಲೇ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿದೆ.

ಸಿಎಂವೈಕೆಯ 7 ಕಡತಗಳು ಹಿಂದಿನ ವರ್ಷದ ಮುದ್ರಿತ ಕೆಟಲಾಗಿನಿಂದ ತಪ್ಪಿ ವೆಬ್‌ಸೈಟಿನ ಫೋಲ್ಡರಿಗೆ ಬಂದವು. ಅಂಗೈಯಗಲದ ಚಿತ್ರ ಏಕಿಷ್ಟು ಭಾರವೆಂದು ನೋಡಿದರೆ ಒಳಗೆ ಅಮೆರಿಕದ ವೆಬ್ ಆಫ್‌ಸೆಟ್ ಮುದ್ರಣದ ಸ್ವಾಪ್ ಪ್ರೊಫೈಲ್ ಇತ್ತು: 5,57,168 ಬೈಟ್. ಜೆಪೆಗಿನ ಒಂದು ಖಂಡದಲ್ಲಿ 65,519 ಬೈಟಿಗಿಂತ ಹೆಚ್ಚು ಪ್ರೊಫೈಲ್ ಹಿಡಿಸುವುದಿಲ್ಲವಾದ್ದರಿಂದ ಅದು 9 ತುಂಡುಗಳಾಗಿ ಕೂತಿತ್ತು. ಅವುಗಳ ಮೂಲ ಆರ್‌ಜಿಬಿ ಕಡತಗಳು ಸಿಕ್ಕವು, ಅವನ್ನೇ ಬಳಸಿದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಏನೂ ಗುರುತಿಲ್ಲದ 267 ಕಡತಗಳು. ಇವುಗಳ ಪ್ರೊಫೈಲ್ ಮತ್ತು ಟಿಪ್ಪಣಿಗಳನ್ನು ಅಳಿಸಿದ್ದು ನಾನೇ ಕೆಲವು ವರ್ಷಗಳ ಹಿಂದೆ ಅಂಗಡಿಗೆ ಬರೆದುಕೊಟ್ಟ, ಚಿತ್ರಗಳನ್ನು ಚಿಕ್ಕದಾಗಿಸುವ ಒಂದು ಸ್ಕ್ರಿಪ್ಟು. ಕಡತ ಹಗುರಾಗಲಿ ಎಂದು ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರಿನ 'ಸ್ಟ್ರಿಪ್' ಆಯ್ಕೆಯನ್ನು ಅದರಲ್ಲಿ ಹಾಕಿದ್ದೆ. ಅದು ಟಿಪ್ಪಣಿಗಳ ಜೊತೆಗೆ ಬಣ್ಣದ ಪ್ರೊಫೈಲನ್ನೂ ತೆಗೆದುಹಾಕುತ್ತದೆ. ಹಗುರಾಗಿಸಲು ಹೋಗಿ ಅರ್ಥವನ್ನೇ ಕಳೆದ ಹಾಗಾಗಿತ್ತು. ಹಳೆಯ ಡಿಸ್ಕಿನಲ್ಲಿ ಹುಡುಕಿದಾಗ 188ಕ್ಕೆ ಟಿಪ್ಪಣಿಗಳಿದ್ದ ಮೂಲಗಳು ದೊರೆತವು. 79 ಉಳಿದವು.

ಹೆಸರಿಲ್ಲದ ಅಂಕಿಗಳ ಅಳತೆಯನ್ನು ಕಂಡುಹಿಡಿಯುವುದಕ್ಕೆ ಬೂದುಬಣ್ಣವನ್ನು ನೋಡುವುದು ಛಾಯಾಗ್ರಾಹಕರಾದವರಿಗೆ ರೂಢಿ. ಇಲ್ಲಿ ಅದು ಪ್ರಯೋಜನಕ್ಕೆ ಬರುವುದಿಲ್ಲ. ಎಸ್‌ಆರ್‌ಜಿಬಿ ಮತ್ತು ಅಡೋಬಿ ಆರ್‌ಜಿಬಿ ಎರಡರಲ್ಲಿಯೂ ಬಿಳಿಯ ಬಿಂದು ಒಂದೇ, ಮಧ್ಯದ ಏರಿಳಿತವೂ ಹೆಚ್ಚುಕಡಿಮೆ ಒಂದೇ. ಸುಣ್ಣದ ಗೋಡೆ, ಬಿಳಿ ಚೀಟಿ, ಬೂದು ಕಾರ್ಡು ಎರಡರಲ್ಲಿಯೂ ಹಾಗೆಯೇ ಕಾಣುತ್ತವೆ. ಗಾಢವಾದ, ಕಣ್ಣೆದುರಿಗೆ ತಂದು ಹೋಲಿಸಬಹುದಾದ ಬಣ್ಣವೊಂದು ಬೇಕು. ಅದು ಅಂಗಡಿಯ ರೂಢಿಯಲ್ಲಿಯೇ ಸಿಕ್ಕಿತು: ಪ್ರತಿ ಸೀರೆಯ ಮಗ್ಗುಲಲ್ಲಿ ಅಂಗಡಿಯ ಕುಂಕುಮಗೆಂಪು ಬಟ್ಟೆಚೀಲವನ್ನು ಇಟ್ಟು ಫೋಟೋ ತೆಗೆಯುವುದು ಅವರ ಪದ್ಧತಿ. ಬಣ್ಣ ಅಳೆಯುವ ಕಲರಿಮೀಟರಿನಿಂದ ನನ್ನ ಮಾನಿಟರನ್ನು 6500 ಕೆಲ್ವಿನ್, ಗಾಮಾ 2.2, ಚದರ ಮೀಟರಿಗೆ 120 ಕ್ಯಾಂಡೆಲಾ ಹೊಳಪಿಗೆ ತಂದು, ಚೀಲವನ್ನು ಉತ್ತರದ ಕಿಟಕಿಯ ಬೆಳಕಿನಲ್ಲಿ ತೂಗುಹಾಕಿ, ಪ್ರತಿ ಚಿತ್ರಕ್ಕೂ ಮೊದಲು ಒಂದು, ಆಮೇಲೆ ಇನ್ನೊಂದು ಪ್ರೊಫೈಲನ್ನು ಅಸೈನ್ ಮಾಡಿ ನೋಡಿದೆವು. ತೀರ್ಪು ಹೇಳಿದ್ದು ಯಜಮಾನರ ಹಿರಿಯ ಸೊಸೆ. ಬಣ್ಣದ ವಿಷಯದಲ್ಲಿ ಅವರ ಕಣ್ಣನ್ನು ಮನೆಯವರೆಲ್ಲ ನಂಬುತ್ತಾರೆ, ನಾನೂ ನಂಬಿದೆ. ಯಾವ ಪ್ರೊಫೈಲ್ ಎಂಬುದನ್ನು ಅವರಿಗೆ ಹೇಳದೆ ಎರಡು ಸಲ ಕ್ರಮ ಬದಲಿಸಿ ತೋರಿಸಿದೆ. ಎರಡೂ ಸಲ ಒಂದೇ ಉತ್ತರ ಬಂದವುಗಳನ್ನು ಮಾತ್ರ ಒಪ್ಪಿಕೊಂಡೆ. ಹೀಗೆ 61 ಇತ್ಯರ್ಥವಾದವು. 18ರಲ್ಲಿ ಚೀಲವೇ ಇರಲಿಲ್ಲ.

ಮೂಲ ಕಡತಗಳಿಗೆ ಹೆಸರು ಬಂದಮೇಲೆ ವೆಬ್‌ಸೈಟಿನ ಪ್ರತಿಗಳನ್ನು ತಯಾರಿಸಿದೆ. ಅಡೋಬಿ ಆರ್‌ಜಿಬಿ ಪ್ರೊಫೈಲ್ ಕೂಡಿಸಿದ ಕಡತಗಳನ್ನೇ ನೇರವಾಗಿ ಹಾಕಬಹುದಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಪರೀಕ್ಷೆಯ ಚಿತ್ರ ಮಾಡಿದೆ: ಒಂದು ಸೀರೆಯ ಚಿತ್ರವನ್ನು ಪ್ರೊಫೋಟೊ ಆರ್‌ಜಿಬಿ ಎಂಬ ಬಹಳ ಅಗಲವಾದ ಅಳತೆಗೆ ಕನ್ವರ್ಟ್ ಮಾಡಿ, ಆ ಪ್ರೊಫೈಲನ್ನು ಕೂಡಿಸಿ ಉಳಿಸಿದೆ. ಪ್ರೊಫೈಲನ್ನು ಓದುವ ಸಾಫ್ಟ್‌ವೇರಿನಲ್ಲಿ ಅದು ಸರಿಯಾಗಿ ಕಾಣುತ್ತದೆ, ಓದದಿದ್ದರೆ ಬೂದಿ ಬಳಿದಂತೆ ಬಿಳಚಿಕೊಳ್ಳುತ್ತದೆ. ಮನೆಯವರ ಐದು ಫೋನುಗಳ ಬ್ರೌಸರುಗಳಲ್ಲಿ ಸರಿಯಾಗಿ ಕಂಡಿತು. ಆದರೆ ವೆಬ್‌ಸೈಟಿಗೆ ಏರಿಸಿದಾಗ ಅಲ್ಲಿ ತಾನಾಗಿ ತಯಾರಾಗುವ ಚಿಕ್ಕ ಚಿತ್ರ ಬಿಳಚಿತ್ತು. ಅಲ್ಲಿ ಕೆಲಸ ಮಾಡುವ ಜಿಡಿ ಎಂಬ ಸಾಫ್ಟ್‌ವೇರ್ ಪ್ರೊಫೈಲನ್ನು ಹೊಸ ಕಡತಕ್ಕೆ ಸಾಗಿಸುವುದಿಲ್ಲ. ದಾರಿಯಲ್ಲಿ ಪ್ರೊಫೈಲ್ ಕಳಚಿ ಬೀಳುವ ಸಂಭವವಿರುವಲ್ಲೆಲ್ಲ, ಕಳಚಿದರೂ ಕೆಡದ ಎಸ್‌ಆರ್‌ಜಿಬಿಯೇ ಸುರಕ್ಷಿತ. ಆದ್ದರಿಂದ ಮೂಲಗಳನ್ನು ಅವುಗಳ ಅಗಲವಾದ ಅಳತೆಯಲ್ಲಿಯೇ ಇರಿಸಿ, ವೆಬ್ ಪ್ರತಿಗಳನ್ನು ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಅದರ 3,144 ಬೈಟಿನ ಪ್ರೊಫೈಲನ್ನೂ ಕೂಡಿಸಿದೆ. ಬ್ರೌಸರ್ ಹೇಗೂ ಎಸ್‌ಆರ್‌ಜಿಬಿ ಎಂದೇ ಓದುವಾಗ ಇದೇಕೆಂದು ಕೇಳಬಹುದು. ನಾಳೆ ಯಾರಾದರೂ ಈ ಪ್ರತಿಯನ್ನೇ ಮುದ್ರಣಕ್ಕೆ ಕೊಟ್ಟರೆ, ಅಥವಾ ನನ್ನಂತೆ ಮತ್ತೊಬ್ಬರು ಗಣತಿಗೆ ಕೂತರೆ, ಅವರು ಊಹಿಸಬೇಕಾಗಬಾರದು. ಅದಕ್ಕೆ ಮೂರು ಸಾವಿರ ಬೈಟ್ ದೊಡ್ಡದಲ್ಲ.

ಹಳೆಯ ಸ್ಕ್ರಿಪ್ಟಿನಿಂದ ಸ್ಟ್ರಿಪ್ ಆಯ್ಕೆಯನ್ನು ತೆಗೆದೆ. ಇಮೇಜ್‌ಮ್ಯಾಜಿಕ್‌ನಲ್ಲಿ 'ಪ್ರೊಫೈಲ್' ಎಂಬ ಒಂದೇ ಆಯ್ಕೆ ಎರಡು ಕೆಲಸ ಮಾಡುತ್ತದೆಂಬುದನ್ನು ನೆನಪಿಡಬೇಕು: ಕಡತದಲ್ಲಿ ಮೊದಲೇ ಪ್ರೊಫೈಲ್ ಇದ್ದರೆ ಕನ್ವರ್ಟ್ ಮಾಡುತ್ತದೆ, ಇಲ್ಲದಿದ್ದರೆ ಬರೀ ಅಸೈನ್ ಮಾಡುತ್ತದೆ. ಆದ್ದರಿಂದ ಪ್ರೊಫೈಲ್ ಇಲ್ಲದ ಕಡತ ಸಿಕ್ಕರೆ ಅಲ್ಲಿಯೇ ನಿಂತು ಅದರ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆಯುವಂತೆ ಸ್ಕ್ರಿಪ್ಟನ್ನು ತಿದ್ದಿದೆ.

ಅಷ್ಟಾದರೂ 'ರಾಮಾ ಗ್ರೀನ್' ಎಂದು ಅಂಗಡಿಯವರು ಕರೆಯುವ ನೀಲಿ ಬೆರೆತ ಹಸಿರಿನ 23 ಸೀರೆಗಳು ತೊಂದರೆ ಕೊಟ್ಟವು. ಆ ಬಣ್ಣ ಎಸ್‌ಆರ್‌ಜಿಬಿಯ ಎಲ್ಲೆಯ ಆಚೆಗೆ ಬೀಳುತ್ತದೆ. ಕನ್ವರ್ಟ್ ಮಾಡಿದಾಗ ಕೆಂಪಿನ ಅಂಕಿ ಸೊನ್ನೆಗಿಂತ ಕೆಳಗೆ ಇಳಿಯಬೇಕಾಗಿ, ಇಳಿಯಲಾರದೆ ಸೊನ್ನೆಯಲ್ಲಿಯೇ ನಿಂತಿತು. ಅದರಿಂದ ಅಂಚಿನ ನೂಲಿನೆಳೆಗಳು ಒಂದಕ್ಕೊಂದು ಬೆರೆತು ಬಣ್ಣದ ಕಾಗದ ಅಂಟಿಸಿದಂತಾಯಿತು. ಎಲ್ಲೆಯ ಆಚೆಗಿನ ಬಣ್ಣಗಳನ್ನು ಹದವಾಗಿ ಒಳಕ್ಕೆ ಕುಗ್ಗಿಸುವ ಪರ್ಸೆಪ್ಚುಯಲ್ ಎಂಬ ಕನ್ವರ್ಟ್ ವಿಧಾನವನ್ನು ಆರಿಸಿದರೂ ಫಲವಿರಲಿಲ್ಲ, ಏಕೆಂದರೆ ಈ ಸರಳ ಮ್ಯಾಟ್ರಿಕ್ಸ್ ಪ್ರೊಫೈಲುಗಳಲ್ಲಿ ಅದಕ್ಕೆ ಬೇಕಾದ ಕೋಷ್ಟಕವೇ ಇರುವುದಿಲ್ಲ. ಕೊನೆಗೆ 16 ಬಿಟ್‌ನಲ್ಲಿ ತೆರೆದು, ಆ ಹಸಿರಿನ ಗಾಢತೆಯನ್ನು ಮಾತ್ರ ಎಳೆ ಕಾಣುವಷ್ಟು ಇಳಿಸಿ, ಆಮೇಲೆ ಕನ್ವರ್ಟ್ ಮಾಡಿದೆ. ಬಣ್ಣ ಕೂದಲೆಳೆಯಷ್ಟು ತಗ್ಗಿತು, ನೇಯ್ಗೆ ಉಳಿಯಿತು. ಕೈಮಗ್ಗದ ಸೀರೆಯಲ್ಲಿ ನೇಯ್ಗೆ ಕಾಣದಿದ್ದರೆ ಆ ಚಿತ್ರಕ್ಕೆ ಬೆಲೆಯಿಲ್ಲವೆಂಬುದು ನನ್ನ ನಿಲುವು. ಯಜಮಾನರೂ ಅದನ್ನೇ ಹೇಳಿದರು.

ಚೀಲವಿಲ್ಲದ 18 ಚಿತ್ರಗಳ ಸೀರೆಗಳು ಎಂದೋ ಮಾರಾಟವಾಗಿದ್ದವು. ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ, ಹಾಕಿದ ಪ್ರತಿ ಬಣ್ಣದ ಒಂದು ಚಿಕ್ಕ ಲಡಿಯನ್ನು ದಾರದಲ್ಲಿ ಪೋಣಿಸಿ, ತಾರೀಖಿನ ಚೀಟಿ ಕಟ್ಟಿ ಇಟ್ಟಿರುತ್ತಾರೆಂದು ಯಜಮಾನರ ಸೊಸೆಗೆ ನೆನಪಾಯಿತು. ಆ ಲಡಿಗಳ ಸರವನ್ನು ತಂದು ಅದೇ ಕಿಟಕಿಯಲ್ಲಿ ತೂಗುಹಾಕಿ ನೋಡಿದಾಗ 14 ಚಿತ್ರಗಳ ಅಳತೆ ನಿಶ್ಚಯವಾಯಿತು. ಉಳಿದ 4 ಚಿತ್ರಗಳನ್ನು ವೆಬ್‌ಸೈಟಿನಿಂದ ತೆಗೆದಿದ್ದೇವೆ. ಅವುಗಳಲ್ಲಿ ಎರಡರ ಬಣ್ಣದ ನೂಲು ಈಗ ಮಗ್ಗದ ಮೇಲಿದೆ. ಸೀರೆ ಇಳಿದ ದಿನ, ಚೀಲವನ್ನು ಪಕ್ಕದಲ್ಲಿಟ್ಟು, ಹೊಸದಾಗಿ ಫೋಟೋ ತೆಗೆಯುತ್ತೇವೆ.